ಸಾಫ್ಟ್‌ವೇರ್ ಬಂದು ವರ್ಷವಾಯಿತು, ಡಾಕ್ಟರು ಇನ್ನೂ ಚೀಟಿಯಲ್ಲೇ ಬರೆಯುತ್ತಾರೆ: ಏನು ಮಾಡಲಿ?

ಓದುಗರ ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದೊಂದು ಪಾಲಿಕ್ಲಿನಿಕ್ ಇದೆ. ನಾನು ಡಾಕ್ಟರಲ್ಲ, ಆಡಳಿತ ನೋಡಿಕೊಳ್ಳುವವಳು. ಏಳು ಜನ ಡಾಕ್ಟರು ಬರುತ್ತಾರೆ. ಇಬ್ಬರು ನಮ್ಮ ಮನೆಯವರೇ, ಉಳಿದವರು ವಾರದಲ್ಲಿ ಕೆಲವು ದಿನ ಬಂದು ಹೋಗುವ ಕನ್ಸಲ್ಟೆಂಟ್‌ಗಳು. ಕಳೆದ ವರ್ಷ ಸಾಲ ಮಾಡಿ ಒಪಿಡಿಗೆ (ಹೊರರೋಗಿ ವಿಭಾಗಕ್ಕೆ) ಇಎಂಆರ್, ಅಂದರೆ ರೋಗಿಗಳ ದಾಖಲೆಯನ್ನು ಕಂಪ್ಯೂಟರಿನಲ್ಲಿ ಇಡುವ ಸಾಫ್ಟ್‌ವೇರ್ ಹಾಕಿಸಿದೆವು, ಎರಡು ದಿನ ತರಬೇತಿಯೂ ಆಯಿತು. ಇವತ್ತಿಗೂ ಅದನ್ನು ಬಳಸುವವರು ಇಬ್ಬರೇ. ನಮ್ಮ ಮಾವನವರು ಫಿಸಿಷಿಯನ್, ಬೆಳಿಗ್ಗೆ ಮೂರು ತಾಸಿನಲ್ಲಿ ಅರವತ್ತು ಜನರನ್ನು ನೋಡುತ್ತಾರೆ. "ನನಗೆ ರೋಗಿ ನೋಡೋಕೆ ಬಿಡ್ರಮ್ಮ, ಟೈಪಿಂಗ್ ಮಾಡೋಕಲ್ಲ ನಾನು ಓದಿದ್ದು" ಅಂತಾರೆ. ಬಳಸುವ ಇಬ್ಬರ ಮೇಲೆ ರೋಗಿಗಳ ದೂರು: "ಡಾಕ್ಟ್ರು ನಮ್ಮ ಮುಖಾನೇ ನೋಡಲ್ಲ". ಕಂಪನಿಯವರು "ಇನ್ಮೇಲೆ ಸರ್ಕಾರ ಕಡ್ಡಾಯ ಮಾಡುತ್ತೆ" ಎನ್ನುತ್ತಿದ್ದಾರೆ, ಮಾರ್ಚ್‌ನಲ್ಲಿ ಒಪ್ಪಂದ ನವೀಕರಿಸಬೇಕು. ಹಿರಿಯರ ಹಟ ಇದು ಎಂದು ಬಿಟ್ಟುಬಿಡಲೇ? ಟೈಪ್ ಮಾಡಲು ಒಬ್ಬ ಹುಡುಗಿಯನ್ನು ಇಡಲೇ? ಅಥವಾ ಇದನ್ನೇ ಕೈಬಿಡಲೇ?

ಉತ್ತರ:

ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಹಾಕಿದ ಹಣ ವ್ಯರ್ಥವಾಯಿತೇ ಎಂಬುದು ಒಂದು. ಮನೆಯ ಹಿರಿಯರನ್ನೂ ಹೊರಗಿನ ಕನ್ಸಲ್ಟೆಂಟ್‌ಗಳನ್ನೂ ನೋಯಿಸದೆ ಇದನ್ನು ಮಾಡಿಸುವುದು ಹೇಗೆ ಎಂಬುದು ಇನ್ನೊಂದು. ಕಾನೂನು ಏನನ್ನುತ್ತದೋ ಎಂಬ ಭಯ ಮೂರನೆಯದು. ಮೂರಕ್ಕೂ ಉತ್ತರ ಬೇರೆ ಬೇರೆ. ಅದಕ್ಕೂ ಮೊದಲು ಒಂದು ಮಾತು. ಒಪಿಡಿಯಲ್ಲಿ ಕೂತು ರೋಗಿ ನೋಡಿದ್ದೇನೆ, ಆಮೇಲೆ ಅನೇಕ ಕ್ಲಿನಿಕ್‌ಗಳಲ್ಲಿ ಇಂಥ ದಾಖಲೆ ವ್ಯವಸ್ಥೆ ಕೂರಿಸುವ ಕೆಲಸವನ್ನೂ ಮಾಡಿದ್ದೇನೆ. ಆ ಅನುಭವದಿಂದ ಹೇಳುತ್ತೇನೆ: ನಿಮ್ಮ ಮಾವನವರದು ಹಟ ಅಲ್ಲ. ಅವರು ಹೇಳುತ್ತಿರುವುದು ಲೆಕ್ಕ.

ಆ ಲೆಕ್ಕವನ್ನೇ ಹಾಕಿ ನೋಡೋಣ. ಮೂರು ತಾಸು, ಅರವತ್ತು ರೋಗಿ ಅಂದರೆ ತಲೆಗೆ ಮೂರು ನಿಮಿಷ. ಆ ಮೂರು ನಿಮಿಷದಲ್ಲಿ ಕೇಳಬೇಕು, ಮುಟ್ಟಿ ನೋಡಬೇಕು, ಯೋಚಿಸಬೇಕು, ಬರೆಯಬೇಕು, ತಿಳಿಸಿ ಹೇಳಬೇಕು. ಚೀಟಿಯಲ್ಲಿ ಬರೆಯಲು ಅರ್ಧ ನಿಮಿಷ ಹಿಡಿಯುತ್ತದೆ, ಪರದೆಯಲ್ಲಿ ಒಂದೂವರೆ ನಿಮಿಷ ಹಿಡಿಯುತ್ತದೆ ಎಂದುಕೊಳ್ಳಿ. ರೋಗಿಗೆ ಒಂದು ನಿಮಿಷ ಹೆಚ್ಚು, ಅರವತ್ತು ರೋಗಿಗೆ ಅರವತ್ತು ನಿಮಿಷ. ಹರಪನಹಳ್ಳಿಯಿಂದಲೋ ಜಗಳೂರಿನಿಂದಲೋ ಬೆಳಗಿನ ಬಸ್ಸಿಗೆ ಬಂದವರು ಇನ್ನೂ ಒಂದು ತಾಸು ಬೆಂಚಿನ ಮೇಲೆ ಕಾಯಬೇಕು, ಡಾಕ್ಟರ ಊಟ ಮೂರು ಗಂಟೆಗೆ. ಈ ಒಂದು ತಾಸನ್ನು ಯಾರು ಕೊಡಬೇಕು ಎಂಬ ಪ್ರಶ್ನೆಯನ್ನು ತರಬೇತಿಗೆ ಬಂದವರು ಎತ್ತಿರಲಿಕ್ಕಿಲ್ಲ. ಎತ್ತದಿದ್ದರೂ ಅದನ್ನು ಕೊಡುವವರು ಡಾಕ್ಟರೇ.

ಇದು ನಮ್ಮಲ್ಲಿ ಮಾತ್ರ ಇರುವ ತೊಂದರೆ ಅಲ್ಲ. 2017ರಲ್ಲಿ ಪ್ರಕಟವಾದ, 67 ದೇಶಗಳ ಮಾಹಿತಿ ಕಲೆಹಾಕಿದ ಒಂದು ಅಧ್ಯಯನದಲ್ಲಿ ಪ್ರಾಥಮಿಕ ಚಿಕಿತ್ಸೆಯ ಒಂದು ಭೇಟಿಗೆ ಭಾರತದಲ್ಲಿ ಸಿಗುವ ಸಮಯ ಸುಮಾರು 2 ನಿಮಿಷ, ಸ್ವೀಡನ್‌ನಲ್ಲಿ 20 ನಿಮಿಷಕ್ಕೂ ಹೆಚ್ಚು ಎಂದಿದೆ. ನಿಮ್ಮ ಸಾಫ್ಟ್‌ವೇರಿನ ಪರದೆಗಳಿಗೆ ಮೂಲ ಮಾದರಿ ಬಹುಶಃ ಇಪ್ಪತ್ತು ನಿಮಿಷದ ಆ ಭೇಟಿ. ಅಷ್ಟು ಸಮಯವಿರುವ ಕಡೆಯೂ ಕತೆ ಸುಖವಾಗಿಲ್ಲ. ಅಮೆರಿಕದಲ್ಲಿ ರೋಗಿಗಳ ದಾಖಲೆಯನ್ನು ಕಂಪ್ಯೂಟರಿಗೆ ತರಿಸಲೆಂದು 2009ರ ಹೈಟೆಕ್ ಕಾಯ್ದೆ ಬಂದ ಮೇಲೆ ಸರ್ಕಾರ ಸಾವಿರಾರು ಕೋಟಿ ಡಾಲರ್ ಪ್ರೋತ್ಸಾಹಧನ ಸುರಿಯಿತು. 2008ರಲ್ಲಿ ಹೊರರೋಗಿಗಳನ್ನು ನೋಡುವ ಡಾಕ್ಟರುಗಳಲ್ಲಿ ಶೇ 42ರಷ್ಟು ಜನರ ಬಳಿ ಇದ್ದ ಎಲೆಕ್ಟ್ರಾನಿಕ್ ದಾಖಲೆ 2015ರ ಹೊತ್ತಿಗೆ ಶೇ 87ಕ್ಕೆ ಏರಿತು. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಅಲ್ಲಿನ ವೈದ್ಯೆ ಕ್ರಿಸ್ಟೀನ್ ಸಿನ್ಸ್ಕಿ ಮತ್ತವರ ಸಂಗಡಿಗರು 57 ಡಾಕ್ಟರುಗಳ ಪಕ್ಕದಲ್ಲಿ ಕೂತು ಅವರ ಹೊರರೋಗಿ ವಿಭಾಗದ ದಿನವನ್ನು ಅಳೆದರು. ರೋಗಿಯ ಎದುರು ಕಳೆದದ್ದು ದಿನದ ಶೇ 27, ಕಂಪ್ಯೂಟರ್ ದಾಖಲೆ ಮತ್ತು ಮೇಜಿನ ಕೆಲಸಕ್ಕೆ ಹೋದದ್ದು ಶೇ 49. ಉಳಿದ ಕೆಲಸವನ್ನು ರಾತ್ರಿ ಮನೆಯಲ್ಲಿ ಮುಗಿಸುತ್ತಿದ್ದರು. ಹಾಗಾಗಿ ಮೇಜಿನ ಮೇಲೆ ಯಂತ್ರ ಕೂತಿದೆ ಎಂದ ಮಾತ್ರಕ್ಕೆ ಡಾಕ್ಟರ ಮನಸ್ಸು ಒಪ್ಪಿದೆ ಎಂದು ಯಾರೂ ತಿಳಿಯಬೇಕಿಲ್ಲ. ನಿಮ್ಮಲ್ಲಿ ಬಳಸುತ್ತಿರುವ ಆ ಇಬ್ಬರು ಡಾಕ್ಟರೂ ಒಪ್ಪಿ ಬಳಸುತ್ತಿದ್ದಾರೋ ಸಹಿಸಿಕೊಂಡಿದ್ದಾರೋ ಎಂದು ಅವರನ್ನೇ ಒಮ್ಮೆ ಕೇಳಿ.

ಬ್ರಿಟನ್‌ನ ಫ್ಯಾಮಿಲಿ ಡಾಕ್ಟರುಗಳ ಕತೆ ಬೇರೆ ರೀತಿಯದು, ನಮಗೆ ಅದು ಹೆಚ್ಚು ಕಲಿಸುತ್ತದೆ. ಅಲ್ಲಿ ಪ್ರತಿ ರೋಗಿಯ ಹೆಸರಿನಲ್ಲಿ ಡಾಕ್ಟರ ಬಳಿಯೇ ಒಂದು ಲಕೋಟೆ ಇಡುವ ಪದ್ಧತಿ 1911ರ ವಿಮಾ ಕಾಯ್ದೆಯ ಕಾಲದಿಂದ ಬಂದದ್ದು. ಕಾಯ್ದೆ ತಂದ ಸಚಿವರ ಹೆಸರಿನಲ್ಲೇ ಅದಕ್ಕೆ ಲಾಯ್ಡ್ ಜಾರ್ಜ್ ಲಕೋಟೆ ಎಂದು ಹೆಸರು. ಎಂಬತ್ತರ ದಶಕದಲ್ಲಿ ಕಂಪ್ಯೂಟರ್ ಬಂದಾಗ ಆ ಡಾಕ್ಟರುಗಳನ್ನು ಮೊದಲು ಸೆಳೆದದ್ದು ಒಂದೇ ಕೆಲಸ, ತಿಂಗಳು ತಿಂಗಳು ಅದೇ ಮಾತ್ರೆ ಬರೆದುಕೊಡುವ ರೋಗಿಗಳ ಚೀಟಿಯನ್ನು ಅದು ತಾನೇ ಮುದ್ರಿಸಿಕೊಟ್ಟಿತು. ಕೈನೋವು ಉಳಿಯಿತು, ಸಮಯವೂ ಉಳಿಯಿತು. ತೊಂಬತ್ತರ ದಶಕ ಮುಗಿಯುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲ ಕ್ಲಿನಿಕ್‌ಗಳಲ್ಲೂ ಕಂಪ್ಯೂಟರ್ ಇತ್ತು.

ನಮ್ಮ ಒಪಿಡಿಯಲ್ಲಿ ಆ ಲಕೋಟೆಯೇ ಇಲ್ಲ. ಇಲ್ಲಿ ದಾಖಲೆ ಇರುವುದು ರೋಗಿಯ ಕೈಯಲ್ಲಿರುವ ಪ್ಲಾಸ್ಟಿಕ್ ಕವರಿನಲ್ಲಿ. ಹಳೇ ಚೀಟಿ, ರಕ್ತ ಪರೀಕ್ಷೆಯ ವರದಿ, ಎಕ್ಸ್‌ರೇ, ಎಲ್ಲವೂ ಅದರೊಳಗೆ. ಡಾಕ್ಟರ ಬಳಿ ಉಳಿಯುವುದು ನೆನಪು ಮಾತ್ರ. ಎಂದರೆ ನೀವು ನಿಮ್ಮ ಡಾಕ್ಟರುಗಳಿಗೆ ಕಾಗದದ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡಿ ಎಂದು ಹೇಳುತ್ತಿಲ್ಲ. ಅವರು ಯಾವತ್ತೂ ಮಾಡದ ಒಂದು ಹೊಸ ಕೆಲಸವನ್ನು, ಮೂರು ನಿಮಿಷದೊಳಗೆ, ಸಂಬಳ ಹೆಚ್ಚಿಸದೆ ಮಾಡಿ ಎನ್ನುತ್ತಿದ್ದೀರಿ. ತಕರಾರು ಇಲ್ಲದೆ ಒಪ್ಪಿಬಿಟ್ಟಿದ್ದರೆ ಅದೇ ಆಶ್ಚರ್ಯ.

ವಯಸ್ಸಿನ ಮಾತನ್ನೂ ಇಲ್ಲೇ ಮುಗಿಸೋಣ. ಹಿರಿಯ ಡಾಕ್ಟರಿಗೆ ಕಂಪ್ಯೂಟರ್ ಎಂದರೆ ಅಲರ್ಜಿ ಎಂಬ ಮಾತು ಎಲ್ಲೆಡೆ ಕೇಳುತ್ತೇನೆ. ಅದೇ ಹಿರಿಯರು ವಾಟ್ಸ್ಆ್ಯಪ್‌ನಲ್ಲಿ ಬಂದ ಇಸಿಜಿ ನೋಡಿ ರಾತ್ರಿ ಹನ್ನೊಂದಕ್ಕೆ ಸಲಹೆ ಕೊಡುತ್ತಾರೆ, ಮೊಬೈಲಿನಲ್ಲಿ ಸಿಟಿ ಸ್ಕ್ಯಾನಿನ ಚಿತ್ರ ಹಿಗ್ಗಿಸಿ ನೋಡುತ್ತಾರೆ. ಹೊಸ ತಂತ್ರಜ್ಞಾನವನ್ನು ಜನ ಯಾಕೆ ಒಪ್ಪುತ್ತಾರೆ ಎಂಬುದಕ್ಕೆ 1989ರಲ್ಲಿ ಫ್ರೆಡ್ ಡೇವಿಸ್ ಎಂಬ ಸಂಶೋಧಕರು ಎರಡು ಕಾರಣ ಹೇಳಿದ್ದರು: ನನ್ನ ಕೆಲಸಕ್ಕೆ ಇದು ಉಪಯೋಗ ಎನ್ನಿಸಬೇಕು, ಬಳಸಲು ಸುಲಭ ಎನ್ನಿಸಬೇಕು. ಆಮೇಲೆ ಹಾಂಕಾಂಗ್‌ನ ಡಾಕ್ಟರುಗಳ ಮೇಲೆ ಇದನ್ನು ಪರೀಕ್ಷಿಸಿದಾಗ ಕಂಡದ್ದು, ಅವರಿಗೆ ಮುಖ್ಯವಾದದ್ದು ಉಪಯೋಗ. ಸುಲಭವೋ ಕಷ್ಟವೋ ಎಂಬುದು ಅಷ್ಟು ಪರಿಣಾಮ ಬೀರಲಿಲ್ಲ. ನಾನು ಕಂಡದ್ದೂ ಇದೇ. ಎಕೋ ಯಂತ್ರ ಕಲಿಯುವುದು ಸುಲಭವಲ್ಲ, ಆದರೂ ಕಲಿಯುತ್ತಾರೆ, ಅದು ಹೃದಯವನ್ನು ತೋರಿಸುತ್ತದೆ. ಹಾಗಾಗಿ ಇನ್ನೆರಡು ದಿನ ತರಬೇತಿ ಕೊಡಿಸಿದರೆ ಸರಿಹೋಗುತ್ತದೆ ಎಂದು ಹಣ ಹಾಕಬೇಡಿ. "ಇದರಿಂದ ನನಗೇನು ಸಿಕ್ಕಿತು?" ಎಂಬ ಡಾಕ್ಟರ ಪ್ರಶ್ನೆಗೆ ತರಬೇತಿಯಲ್ಲಿ ಉತ್ತರ ಇರುವುದಿಲ್ಲ.

ಸದ್ಯಕ್ಕೆ ಏನು ಸಿಗುತ್ತಿದೆ? ಬಿಲ್ಲಿಂಗ್ ಚೊಕ್ಕವಾಯಿತು, ಅದು ನಿಮಗೆ. ದಿನದ ವರದಿ ಬರುತ್ತದೆ, ಅದೂ ನಿಮಗೆ. ಔಷಧಿ ಅಂಗಡಿಗೆ ಓದಲು ಬರುವ ಚೀಟಿ ಸಿಕ್ಕಿತು. ಬರೆದ ಡಾಕ್ಟರಿಗೆ ಬೆರಳು ನೋವು. ಬರೆಯುವವರು ಒಬ್ಬರು, ಲಾಭ ಪಡೆಯುವವರು ಇನ್ನೊಬ್ಬರು ಆಗಿರುವವರೆಗೆ ಯಾವ ಸಾಫ್ಟ್‌ವೇರೂ ಒಪಿಡಿಯಲ್ಲಿ ಕೂರುವುದಿಲ್ಲ. ನಿಮ್ಮ ಕೈಯಲ್ಲಿರುವ ಕೆಲಸ ಈ ಅಂತರವನ್ನು ಕಡಿಮೆ ಮಾಡುವುದು. ಅದು ಸಾಧ್ಯ ಎಂಬುದಕ್ಕೆ ಹಳೆಯ ಸಾಕ್ಷಿಯೂ ಇದೆ. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಕ್ಲೆಮೆಂಟ್ ಮೆಕ್‌ಡೊನಾಲ್ಡ್ ಎಂಬ ಫಿಸಿಷಿಯನ್ 1972ರಿಂದ ಹೊರರೋಗಿಗಳ ಡಯಾಬಿಟಿಸ್ ಕ್ಲಿನಿಕ್‌ಗೆ ಕಂಪ್ಯೂಟರ್ ದಾಖಲೆ ಕಟ್ಟಿದರು. ಈ ರೋಗಿಗೆ ಇಂಥ ಪರೀಕ್ಷೆ ಬಾಕಿ ಇದೆ, ಈ ಔಷಧದ ಪ್ರಮಾಣ ನೋಡಿ ಎಂದು ಭೇಟಿಗೆ ಮೊದಲೇ ಡಾಕ್ಟರ ಕೈಗೆ ಒಂದು ಮುದ್ರಿತ ಹಾಳೆ ಬರುತ್ತಿತ್ತು. 1976ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಂತೆ, ನೆನಪೋಲೆ ಇದ್ದಾಗ ಡಾಕ್ಟರು ಗಮನಿಸಿ ಕ್ರಮ ತೆಗೆದುಕೊಂಡದ್ದು ಶೇ 51 ಸಂದರ್ಭಗಳಲ್ಲಿ, ಇಲ್ಲದಾಗ ಶೇ 22. ಅದೇ ಡಾಕ್ಟರು, ಅದೇ ಓದು. ಮನುಷ್ಯನ ಗಮನಕ್ಕೆ ಮಿತಿ ಇದೆ, ಅಲ್ಲಿ ಯಂತ್ರ ಆಸರೆಯಾಯಿತು. ಇಂಥದ್ದು ಸಿಕ್ಕರೆ ಡಾಕ್ಟರು ಒಪ್ಪುತ್ತಾರೆ.

ನಿಮ್ಮ ಕ್ಲಿನಿಕ್‌ನಲ್ಲಿ ಇದು ಎಲ್ಲಿಂದ ಶುರುವಾಗಬೇಕು? ಲ್ಯಾಬ್ ನಿಮ್ಮ ಕಟ್ಟಡದಲ್ಲೇ ಇದ್ದರೆ ಅದರಿಂದ. ವರದಿ ಕಾಗದದಲ್ಲಿ ಮಾತ್ರ ಬರುತ್ತಿದ್ದರೆ ಆ ಯಂತ್ರವನ್ನು ಸಾಫ್ಟ್‌ವೇರಿಗೆ ಜೋಡಿಸಿ, ಫಲಿತಾಂಶ ನೇರವಾಗಿ ಡಾಕ್ಟರ ಪರದೆಗೆ ಬರಲಿ. ಆರು ತಿಂಗಳ ಎಚ್‌ಬಿಎ1ಸಿ (ಶುಗರ್‌ನ ಸರಾಸರಿ ತೋರಿಸುವ ಪರೀಕ್ಷೆ), ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ), ಬಿಪಿ, ತೂಕ ಒಂದೇ ಕಡೆ ಒಂದರ ಕೆಳಗೊಂದು ಕಾಣಬೇಕು. ಇದಕ್ಕೆ ಡಾಕ್ಟರು ಒಂದಕ್ಷರವನ್ನೂ ಟೈಪ್ ಮಾಡಬೇಕಾಗಿಲ್ಲ. ಬಿಪಿ, ತೂಕವನ್ನು ನರ್ಸ್ ಹೊರಗಡೆಯೇ ಹಾಕುತ್ತಾರೆ, ಉಳಿದದ್ದು ಲ್ಯಾಬಿನಿಂದ ಬರುತ್ತದೆ. ಮೊದಲ ಒಂದೆರಡು ತಿಂಗಳು ಡಾಕ್ಟರಿಗೆ ಬರೆಯಲು ಹೇಳಬೇಡಿ, ಓದಲು ಮಾತ್ರ ಕೊಡಿ. ಕವರಿನೊಳಗೆ ಹುಡುಕುವ ಕೆಲಸ ತಪ್ಪಿದರೆ ಅಲ್ಲೇ ಅರ್ಧ ನಿಮಿಷ ವಾಪಸ್ ಬರುತ್ತದೆ. ಬಿಪಿ-ಶುಗರ್ ರೋಗಿಗಳು ಹೆಚ್ಚಿರುವ ನಿಮ್ಮ ಮಾವನವರ ಒಪಿಡಿಗೆ ಇದು ಹೇಳಿ ಮಾಡಿಸಿದಂತಿದೆ.

ಅದಾದ ಮೇಲೆ ಔಷಧ ಚೀಟಿ. ಪ್ರತಿ ಡಾಕ್ಟರಿಗೂ ತಮ್ಮದೇ ಕೈಬರಹದಂತೆ ತಮ್ಮದೇ ಔಷಧ ಪದ್ಧತಿ ಇರುತ್ತದೆ. ಒಂದು ವಾರ ಅವರ ಚೀಟಿಗಳ ಫೋಟೋ ತೆಗೆದಿಟ್ಟುಕೊಂಡು, ಯಾವ ಔಷಧ, ಯಾವ ಪ್ರಮಾಣ, ಎಷ್ಟು ದಿನ ಎಂಬ ಅವರವರ ಪಟ್ಟಿಯನ್ನು ನೀವೇ ತಯಾರಿಸಿ ಒಳಗೆ ಹಾಕಿಸಿ. ಕಂಪನಿ ಕೊಟ್ಟ ಸಾವಿರಾರು ಬ್ರಾಂಡಿನ ಪಟ್ಟಿಯಲ್ಲಿ ಹುಡುಕುವುದಕ್ಕೂ ತಮ್ಮದೇ ನಲವತ್ತು ಔಷಧದ ಪಟ್ಟಿಯಲ್ಲಿ ಒತ್ತುವುದಕ್ಕೂ ಬಹಳ ವ್ಯತ್ಯಾಸ. "ಬೆಳಿಗ್ಗೆ 1, ರಾತ್ರಿ 1, ಊಟದ ನಂತರ, 5 ದಿನ" ಎಂದು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಮುದ್ರಣವಾಗಬೇಕು. ಮನೆಗೆ ಹೋದ ಮೇಲೆ ಯಾವುದು ಯಾವಾಗ ಎಂದು ಫೋನ್ ಮಾಡಿ ಕೇಳುವವರು ಎಷ್ಟು ಕಡಿಮೆಯಾಗುತ್ತಾರೆ ಎಂದು ನಿಮ್ಮ ರಿಸೆಪ್ಷನ್‌ನವರೇ ಹೇಳುತ್ತಾರೆ ನೋಡಿ. ಒಂದು ಎಚ್ಚರಿಕೆ, ಕೆಲವು ತಂತ್ರಾಂಶಗಳಲ್ಲಿ ಪರದೆಯ ಮೇಲೆ ಸರಿಯಿದ್ದ ಕನ್ನಡ ಮುದ್ರಣದಲ್ಲಿ ಒತ್ತಕ್ಷರ ಒಡೆದು ಬರುತ್ತದೆ. ನಿಮ್ಮದೇ ಪ್ರಿಂಟರಿನಲ್ಲಿ ತೆಗೆದು, ಓದಿ ನೋಡಿ ಒಪ್ಪಿಕೊಳ್ಳಿ.

ಟಿಪ್ಪಣಿಯ ಸರದಿ ಕೊನೆಗೆ. ಆಗಲೂ ಕೆಂಪು ನಕ್ಷತ್ರ ಹಾಕಿದ ಕಡ್ಡಾಯ ಕಾಲಂಗಳನ್ನು ಒಂದೊಂದಾಗಿ ಮುಂದಿಟ್ಟುಕೊಂಡು "ಇದನ್ನು ಮುಂದೆ ಯಾರು ಓದುತ್ತಾರೆ?" ಎಂದು ಕೇಳಿ. ಉತ್ತರ ಇಲ್ಲದ ಕಾಲಂ ತೆಗೆಸಿ. ಜ್ವರಕ್ಕೆ ಬಂದ ಹುಡುಗನ ಕುಟುಂಬ ಚರಿತ್ರೆ ತುಂಬದೆ ಪರದೆ ಮುಂದಕ್ಕೇ ಹೋಗದಿದ್ದರೆ ಡಾಕ್ಟರು ಚುಕ್ಕಿ ಒತ್ತಿ ಮುಂದೆ ಹೋಗುತ್ತಾರೆ. ಆ ಚುಕ್ಕಿಗಳ ರಾಶಿಗಿಂತ ಎರಡು ಸಾಲಿನ ನಿಜವಾದ ಟಿಪ್ಪಣಿ ಸಾವಿರ ಪಾಲು ಮೇಲು.

ಈಗ ಯಾರೂ ಬಾಯಿಬಿಟ್ಟು ಹೇಳದ ಒಂದು ಕಾರಣ. ನಿಮ್ಮಲ್ಲಿಗೆ ಬರುವ ಐವರು ಕನ್ಸಲ್ಟೆಂಟ್‌ಗಳಿಗೆ ಬೇರೆ ಕಡೆ ಸ್ವಂತ ಕ್ಲಿನಿಕ್ ಇರಬಹುದು, ಇಲ್ಲಿ ಅವರಿಗೆ ಸಿಗುವುದು ಶುಲ್ಕದಲ್ಲಿ ಪಾಲು. ಅವರು ಎಷ್ಟು ರೋಗಿ ನೋಡಿದರು, ಯಾವ ಪರೀಕ್ಷೆ ಬರೆದರು, ಯಾವ ಕಂಪನಿಯ ಔಷಧ ಬರೆದರು, ಯಾರನ್ನು ಎಲ್ಲಿಗೆ ಕಳಿಸಿದರು ಎಂಬುದೆಲ್ಲ ಒಂದು ಗುಂಡಿ ಒತ್ತಿದರೆ ನಿಮಗೆ ಕಾಣುತ್ತದೆ. ಅದು ಅವರಿಗೆ ಗೊತ್ತು. ನಾಳೆ ಅವರು ಬರುವುದನ್ನು ನಿಲ್ಲಿಸಿದರೆ ಅವರ ರೋಗಿಗಳ ಪೂರ್ತಿ ಚರಿತ್ರೆ ನಿಮ್ಮಲ್ಲಿ ಉಳಿಯುತ್ತದೆ, ಅವರ ಬಳಿ ಏನೂ ಇರುವುದಿಲ್ಲ. "ಸಮಯ ಇಲ್ಲ ಮೇಡಂ" ಎನ್ನುವ ಮಾತಿನ ಹಿಂದೆ ಈ ಭಯ ಇರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ, ಮತ್ತು ಅದು ನ್ಯಾಯವಾದ ಭಯ. ಇದಕ್ಕೆ ಮಾತಿನ ಭರವಸೆ ಸಾಲದು. ಯಾವ ವರದಿಯನ್ನು ಆಡಳಿತ ನೋಡುತ್ತದೆ, ಯಾವುದನ್ನು ನೋಡುವುದಿಲ್ಲ, ಡಾಕ್ಟರು ಬಿಟ್ಟು ಹೋಗುವಾಗ ರೋಗಿಯ ಒಪ್ಪಿಗೆಯಿಂದ ದಾಖಲೆಯ ಪ್ರತಿ ಪಡೆಯುವುದು ಹೇಗೆ, ಇಷ್ಟನ್ನು ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಪರೀಕ್ಷೆಗಳ ಸಂಖ್ಯೆ ತೋರಿಸಿ ಇನ್ನಷ್ಟು ಬರೆಯಿರಿ ಎಂದು ಡಾಕ್ಟರನ್ನು ಒತ್ತಾಯಿಸಲು ಈ ವ್ಯವಸ್ಥೆಯನ್ನು ಬಳಸುವ ಯೋಚನೆ ಯಾರಿಗಾದರೂ ಇದ್ದರೆ ಅದನ್ನು ಇವತ್ತೇ ಬಿಡಿ. ಅದು ರೋಗಿಗೆ ಮಾಡುವ ಅನ್ಯಾಯ.

"ಮುಖ ನೋಡಲ್ಲ" ಎಂಬ ದೂರಿಗೆ ಅರ್ಧ ಪರಿಹಾರ ಬಡಗಿಯ ಬಳಿ ಇದೆ. ಬಹುತೇಕ ಕೋಣೆಗಳಲ್ಲಿ ಗೋಡೆಯ ಕಡೆ ಪ್ಲಗ್ ಇದೆ ಎಂದು ಅಲ್ಲೇ ಕಂಪ್ಯೂಟರ್ ಇಟ್ಟಿರುತ್ತಾರೆ, ಡಾಕ್ಟರು ಟೈಪ್ ಮಾಡಬೇಕಾದರೆ ರೋಗಿಗೆ ಬೆನ್ನು ತೋರಿಸಬೇಕು. ಪರದೆಯನ್ನು ಮೇಜಿನ ಮೂಲೆಗೆ, ಡಾಕ್ಟರಿಗೂ ರೋಗಿಗೂ ಇಬ್ಬರಿಗೂ ಕಾಣುವಂತೆ ತಿರುಗಿಸಿ ಇಡಿಸಿ. ಮೊದಲ ಒಂದು ನಿಮಿಷ ಕೈ ಕೀಬೋರ್ಡಿನ ಮೇಲೆ ಬೇಡ, ಕೇಳುವುದು ಮುಟ್ಟುವುದು ಮುಗಿದ ಮೇಲೆ "ಈಗ ನಿಮ್ಮ ಔಷಧ ಬರೀತೀನಿ ನೋಡಿ" ಎಂದು ಹೇಳಿ ಬರೆಯಲಿ. ಶುಗರ್ ಇಳಿದಿರುವ ಗೆರೆಯನ್ನು ರೋಗಿಗೇ ತೋರಿಸಿದರೆ ಅದೇ ಪರದೆ ಮಾತಿಗೆ ಕಾರಣವಾಗುತ್ತದೆ. ಆದರೆ ಇನ್ನೊಬ್ಬ ರೋಗಿಯ ಹೆಸರು, ಟೋಕನ್ ಪಟ್ಟಿ ಅದರಲ್ಲಿ ಕಾಣದಂತೆ ನೋಡಿಕೊಳ್ಳಿ.

ಇನ್ನು ಟೈಪ್ ಮಾಡಲು ಹುಡುಗಿ. ಇದು ಕೆಟ್ಟ ಯೋಚನೆಯಲ್ಲ, ಅನೇಕ ಕಡೆ ಚೆನ್ನಾಗಿ ನಡೆದಿದೆ. ಡಾಕ್ಟರು ಜೋರಾಗಿ ಹೇಳುತ್ತಾ ಹೋಗುತ್ತಾರೆ, ಪಕ್ಕದಲ್ಲಿ ಕೂತವರು ಹಾಕುತ್ತಾರೆ. ಆದರೆ ಅಪಾಯಗಳನ್ನು ತಿಳಿದು ಮಾಡಿ. ಸ್ತ್ರೀರೋಗ, ಚರ್ಮ, ಮಾನಸಿಕ ತೊಂದರೆಗಳಲ್ಲಿ ಮೂರನೆಯವರು ಕೋಣೆಯಲ್ಲಿದ್ದರೆ ರೋಗಿ ನಿಜ ಹೇಳುವುದಿಲ್ಲ. ಅದೇ ಊರಿನ ಹುಡುಗಿ ಆಗಿದ್ದರಂತೂ ಬಾಯೇ ಬಿಡುವುದಿಲ್ಲ. ಔಷಧದ ಹೆಸರು ತಪ್ಪಿ ಕೇಳಿಸಿದರೆ ಅದು ಚೀಟಿಯಲ್ಲಿ ಅಂದವಾಗಿ ಮುದ್ರಣವಾಗಿ ಬರುತ್ತದೆ, ಅಂದವಾಗಿರುವುದರಿಂದಲೇ ಯಾರಿಗೂ ಅನುಮಾನ ಬರುವುದಿಲ್ಲ. ಆದ್ದರಿಂದ ಪ್ರತಿ ಚೀಟಿಯನ್ನೂ ಡಾಕ್ಟರು ಓದಿಯೇ ಸಹಿ ಹಾಕಬೇಕು. ನರ್ಸಿಂಗ್ ಅಥವಾ ಫಾರ್ಮಸಿ ಓದಿದವರನ್ನು ಆರಿಸಿಕೊಳ್ಳಿ, ಅವರಿಗೆ ಬೇರೆಯೇ ಲಾಗಿನ್ ಕೊಡಿ. ಡಾಕ್ಟರ ಪಾಸ್‌ವರ್ಡನ್ನು ಕೀಬೋರ್ಡಿನ ಕೆಳಗೆ ಅಂಟಿಸಿಡುವ ಪದ್ಧತಿ ನಿಮ್ಮಲ್ಲಿದ್ದರೆ ತೆಗೆಯಿರಿ, ನಾಳೆ ಏನಾದರೂ ಪ್ರಶ್ನೆ ಬಂದಾಗ ಯಾರು ಬರೆದದ್ದು ಎಂದು ಹೇಳಲು ಬೇರೆ ದಾರಿಯಿಲ್ಲ.

ಮಾತು ಕೇಳಿ ತಾನೇ ಟಿಪ್ಪಣಿ ಬರೆಯುವ ಎಐ ಬಗ್ಗೆ ನಿಮ್ಮ ಕಂಪನಿಯವರು ಹೇಳದೇ ಇರುವುದಿಲ್ಲ. ನಮ್ಮ ಒಪಿಡಿಯ ಮಾತು ಅರ್ಧ ದಾವಣಗೆರೆ ಕನ್ನಡ, ಕಾಲು ಇಂಗ್ಲಿಷ್, ಕೆಲವೊಮ್ಮೆ ಉರ್ದು, ತೆಲುಗು, ಲಂಬಾಣಿ. ಇಂಥ ಉಪಕರಣಗಳು ಕೇಳಿಸದ್ದನ್ನು ತಾವೇ ಊಹಿಸಿ ತುಂಬಿಬಿಡುತ್ತವೆ, ಹೇಳದ ಲಕ್ಷಣ ಟಿಪ್ಪಣಿಯಲ್ಲಿ ಬಂದಿರುತ್ತದೆ. ರೋಗಿಗೆ ಹೇಳಿ ಒಪ್ಪಿಗೆ ಪಡೆಯದೆ ಮಾತು ಧ್ವನಿಮುದ್ರಿಸುವುದಂತೂ ಕೂಡದು. ಒಬ್ಬ ಉತ್ಸಾಹಿ ಡಾಕ್ಟರು ಕೆಲವು ವಾರ ಪ್ರಯೋಗ ಮಾಡಿ ನೋಡಲಿ, ಇಡೀ ಕ್ಲಿನಿಕ್‌ಗೆ ಈಗಲೇ ಬೇಡ.

ಬೆರಕೆ ದಾರಿಯೂ ಇದೆ. ಡಾಕ್ಟರು ಎಂದಿನಂತೆ ಚೀಟಿಯಲ್ಲಿ ಬರೆಯುತ್ತಾರೆ, ಹೊರಗೆ ಅದರ ಸ್ಕ್ಯಾನ್ ತೆಗೆದು ರೋಗಿಯ ಸಂಖ್ಯೆಗೆ ಸೇರಿಸಿ, ರೋಗನಿರ್ಣಯ ಮತ್ತು ಔಷಧವನ್ನಷ್ಟೇ ಸಿಬ್ಬಂದಿ ಟೈಪ್ ಮಾಡುತ್ತಾರೆ. ನಿಮ್ಮ ಮಾವನವರಿಗೆ ನಾನು ಸೂಚಿಸುವುದು ಇದನ್ನೇ. ಚಿತ್ರವಾಗಿ ಉಳಿದದ್ದರಲ್ಲಿ ಹುಡುಕಲು ಬರುವುದಿಲ್ಲ, ಇದು ಒಂದು ಕೊರತೆ. ಕಾಗದದಲ್ಲೊಂದು ಕಂಪ್ಯೂಟರಿನಲ್ಲೊಂದು ಇದ್ದರೆ ಯಾವುದು ನಿಜ ಎಂಬ ಪ್ರಶ್ನೆ ಏಳುತ್ತದೆ, ಇದು ಅದಕ್ಕಿಂತ ದೊಡ್ಡ ಕೊರತೆ. ಡಾಕ್ಟರ ಕೈಬರಹವೇ ಅಂತಿಮ ಎಂದು ಮೊದಲೇ ತೀರ್ಮಾನಿಸಿಡಿ, ಸಿಬ್ಬಂದಿ ಟೈಪ್ ಮಾಡಿದ ಔಷಧವನ್ನು ರೋಗಿಗೆ ಮುದ್ರಿಸಿ ಕೊಡಬೇಡಿ.

ಕಂಪ್ಯೂಟರ್ ಬಂದರೆ ತಪ್ಪುಗಳು ನಿಲ್ಲುತ್ತವೆ ಎಂಬುದೂ ಪೂರ್ತಿ ನಿಜವಲ್ಲ. ಓದಲು ಬಾರದ ಅಕ್ಷರದ ತಪ್ಪು ಹೋಗುತ್ತದೆ, ಹೊಸ ತಪ್ಪು ಬರುತ್ತದೆ. ಪಟ್ಟಿಯಲ್ಲಿ ಪಕ್ಕದ ಔಷಧದ ಮೇಲೆ ಬೆರಳು ಬೀಳುತ್ತದೆ. ಹೋದ ಸಲದ ಟಿಪ್ಪಣಿಯನ್ನು ನಕಲು ಮಾಡಿ ಅಂಟಿಸಿದಾಗ ವಾಸಿಯಾದ ಕೆಮ್ಮು ವರ್ಷವಿಡೀ ಉಳಿಯುತ್ತದೆ. ಒಂದೇ ಹೆಸರಿನ ಇಬ್ಬರು ಮಂಜುನಾಥರಲ್ಲಿ ಒಬ್ಬರ ದಾಖಲೆ ಇನ್ನೊಬ್ಬರದರಲ್ಲಿ ಸೇರುತ್ತದೆ. ಮನೆಮಂದಿಗೆಲ್ಲ ಒಂದೇ ಫೋನ್ ನಂಬರ್ ಇರುವ ನಮ್ಮಲ್ಲಿ ಇದು ಸುಲಭವಾಗಿ ಆಗುವಂಥದ್ದು. ಹೆಸರಿನ ಜತೆ ಊರು, ತಂದೆ ಅಥವಾ ಗಂಡನ ಹೆಸರು, ವಯಸ್ಸು ಕೇಳಿ ಖಚಿತ ಮಾಡಿಕೊಳ್ಳುವ ಅಭ್ಯಾಸ ರಿಸೆಪ್ಷನ್‌ನಲ್ಲೇ ಆಗಬೇಕು. ಔಷಧಗಳ ಎಚ್ಚರಿಕೆ ಗಂಟೆಯ ವಿಷಯವೂ ಹಾಗೆಯೇ. ಡಾಕ್ಟರು ಇಂಥ ಎಚ್ಚರಿಕೆಗಳನ್ನು ಬದಿಗೊತ್ತಿ ಮುಂದೆ ಹೋಗುವುದು ಶೇ 49ರಿಂದ 96ರಷ್ಟು ಸಂದರ್ಭಗಳಲ್ಲಿ ಎಂದು 2006ರ ಒಂದು ಪರಾಮರ್ಶೆ ಲೆಕ್ಕ ಕೊಟ್ಟಿತ್ತು. ಎಲ್ಲದಕ್ಕೂ ಗಂಟೆ ಹೊಡೆದರೆ ಯಾವುದೂ ಕೇಳಿಸುವುದಿಲ್ಲ. ಅಲರ್ಜಿ, ಗರ್ಭಿಣಿ, ಮೂತ್ರಪಿಂಡದ ತೊಂದರೆ, ಜೀವಕ್ಕೆ ಅಪಾಯವಾಗುವ ಔಷಧ ಜೋಡಿಗಳು, ಇವಿಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಮುಚ್ಚಿಸಿ.

ಕಾನೂನಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಆರೋಗ್ಯ ದಾಖಲೆಗಳನ್ನು ಡಿಜಿಟಲ್ ಆಗಿ ಜೋಡಿಸುವ ಕೇಂದ್ರ ಸರ್ಕಾರದ ಯೋಜನೆ, ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್, 2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಶುರುವಾಯಿತು. ಅದು ರೋಗಿಗೆ ಕೊಡುವ 14 ಅಂಕಿಯ ಗುರುತಿನ ಸಂಖ್ಯೆ, ಆಭಾ, ಪಡೆಯುವುದು ರೋಗಿಯ ಇಚ್ಛೆಗೆ ಬಿಟ್ಟದ್ದು, ಆಭಾ ಇಲ್ಲ ಎಂದು ಚಿಕಿತ್ಸೆ ನಿರಾಕರಿಸುವಂತಿಲ್ಲ. ಖಾಸಗಿ ಒಪಿಡಿ ಇಎಂಆರ್ ಹಾಕಲೇಬೇಕು ಎಂಬ ಆಜ್ಞೆ ಅದರಲ್ಲಿಲ್ಲ. ವೈದ್ಯರ ನಡವಳಿಕೆಯ 2002ರ ನಿಯಮಾವಳಿ ಒಳರೋಗಿಗಳ ದಾಖಲೆಯನ್ನು 3 ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು, ದಾಖಲೆಗಳನ್ನು ಕಂಪ್ಯೂಟರಿಗೆ ತರಲು ಪ್ರಯತ್ನಿಸಬೇಕು ಎನ್ನುತ್ತದೆ. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ತಂದ ಹೊಸ ನಿಯಮಗಳನ್ನು ಅದೇ ತಿಂಗಳು ತಡೆಹಿಡಿದು 2002ರ ನಿಯಮಾವಳಿಯನ್ನೇ ಮುಂದುವರಿಸಲಾಯಿತು. ಹಾಗಾಗಿ "ಕಡ್ಡಾಯ" ಎಂದು ಹೆದರಿ ಸಹಿ ಹಾಕಬೇಡಿ. ಕಂಪ್ಯೂಟರ್ ದಾಖಲೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂಬ ಮಾತೂ ಸರಿಯಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರದೊಂದಿಗೆ ಅದು ಸಾಕ್ಷ್ಯವಾಗುತ್ತದೆ. ಚೀಟಿಯನ್ನು ಮುದ್ರಿಸಿ ಡಾಕ್ಟರು ಕೈಯಾರೆ ಸಹಿ, ದಿನಾಂಕ ಹಾಕಿ ಕೊಡುವುದು ಸದ್ಯಕ್ಕೆ ಸುರಕ್ಷಿತ ದಾರಿ.

ನೀವು ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ಮಾಹಿತಿಯ ರಕ್ಷಣೆಯ ಬಗ್ಗೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳು ಬಂದಿವೆ, ಹಂತಹಂತವಾಗಿ ಜಾರಿಗೆ ಬರುತ್ತವೆ. ಸೋರಿಕೆಯಾದರೆ ಜವಾಬ್ದಾರಿ ಮೊದಲು ಕ್ಲಿನಿಕ್‌ನದು. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್‌ನ ಸರ್ವರ್‌ಗಳ ಮೇಲೆ ದಾಳಿಯಾದಾಗ ದಿನಗಟ್ಟಲೆ ಎಲ್ಲವನ್ನೂ ಕೈಬರಹದಲ್ಲಿ ನಡೆಸಬೇಕಾಯಿತು. ಪ್ರತಿದಿನದ ದಾಖಲೆಯ ಒಂದು ನಕಲು ಇಂಟರ್ನೆಟ್ಟಿಗೆ ಜೋಡಿಸದ ಡಿಸ್ಕಿನಲ್ಲಿ ಬೇರೆ ಕಡೆ ಇರಲಿ. ಕರೆಂಟ್ ಹೋದರೆ, ನೆಟ್ ಹೋದರೆ ಬರೆಯಲು ಮುದ್ರಿತ ಪ್ಯಾಡ್ ಪ್ರತಿ ಕೋಣೆಯಲ್ಲೂ ಇರಲಿ.

ಬದಲಾವಣೆಯನ್ನು ಸೋಮವಾರ ಶುರುಮಾಡಬೇಡಿ, ಮಳೆಗಾಲದ ಜ್ವರದ ತಿಂಗಳುಗಳಲ್ಲಂತೂ ಬೇಡವೇ ಬೇಡ. ಒಬ್ಬ ಡಾಕ್ಟರಿಂದ, ಅವರ ಹಳೇ ರೋಗಿಗಳಿಂದ ಶುರುವಾಗಲಿ, ಮೊದಲ ಎರಡು ವಾರ ಅವರ ಟೋಕನ್ ಕಡಿಮೆ ಮಾಡಿ, ಆದಾಯದಲ್ಲಿ ಆಗುವ ಕೊರತೆಯನ್ನು ಕ್ಲಿನಿಕ್ ತುಂಬಿಕೊಡಲಿ. ನಡೆಯುತ್ತಿದೆಯೇ ಎಂದು ತಿಳಿಯಲು ಎಷ್ಟು ಜನ ಲಾಗಿನ್ ಆದರು ಎಂದು ಎಣಿಸಬೇಡಿ. ರೋಗಿ ಒಳಗೆ ಬಂದಾಗ ಡಾಕ್ಟರು ತಾವಾಗಿಯೇ ಹಿಂದಿನ ಭೇಟಿಯನ್ನು ತೆರೆದು ನೋಡುತ್ತಾರೆಯೇ ಎಂದು ಗಮನಿಸಿ. ಮೂರ್ನಾಲ್ಕು ತಿಂಗಳಾದರೂ ಯಾರೂ ತೆರೆಯದಿದ್ದರೆ ಆ ದಾಖಲೆಯಿಂದ ಅವರಿಗೇನೂ ಸಿಕ್ಕಿಲ್ಲ ಎಂದರ್ಥ. ಆಗ ಬಿಲ್ಲಿಂಗ್ ಮತ್ತು ಲ್ಯಾಬ್‌ಗೆ ಕಂಪ್ಯೂಟರ್, ಡಾಕ್ಟರಿಗೆ ಒಳ್ಳೆಯ ಮುದ್ರಿತ ಚೀಟಿ ಎಂದು ನಿಲ್ಲಿಸಿಕೊಂಡರೂ ತಪ್ಪಿಲ್ಲ. ಚೆನ್ನಾಗಿ ಇಟ್ಟ ಕಾಗದ, ಕೆಟ್ಟದಾಗಿ ತುಂಬಿದ ಕಂಪ್ಯೂಟರಿಗಿಂತ ರೋಗಿಗೆ ಹೆಚ್ಚು ಕ್ಷೇಮ.

ಮಾರ್ಚ್‌ನ ನವೀಕರಣಕ್ಕೆ ಮೊದಲು ಕಂಪನಿಯವರಿಂದ ನಾಲ್ಕು ವಿಷಯ ಬರಹದಲ್ಲಿ ಪಡೆಯಿರಿ. ಲ್ಯಾಬ್ ಜೋಡಣೆ ಯಾವ ದಿನಾಂಕದೊಳಗೆ, ಕಡ್ಡಾಯ ಕಾಲಂಗಳನ್ನು ಬದಲಿಸುವ ಅಧಿಕಾರ ನಿಮಗೆ ಉಂಟೇ, ಕನ್ನಡ ಮುದ್ರಣ ಸರಿ ಮಾಡಿಕೊಡುತ್ತಾರೆಯೇ, ಒಪ್ಪಂದ ಬಿಟ್ಟರೆ ಎಲ್ಲ ದಾಖಲೆಯನ್ನು ಬೇರೆ ತಂತ್ರಾಂಶಕ್ಕೆ ಸೇರಿಸಬಹುದಾದ ರೂಪದಲ್ಲಿ ಎಷ್ಟು ದಿನದೊಳಗೆ ಕೊಡುತ್ತಾರೆ. ಒಪ್ಪಿದರೆ ಪೂರ್ತಿ ವರ್ಷಕ್ಕಲ್ಲ, ಆರು ತಿಂಗಳಿಗೆ ನವೀಕರಿಸಿ. ಒಪ್ಪದಿದ್ದರೆ ಬಿಡಿ. ಆದರೆ ಈವರೆಗಿನ ದಾಖಲೆ ನಿಮ್ಮ ಕೈಸೇರಿ, ಬೇರೆ ಕಂಪ್ಯೂಟರಿನಲ್ಲಿ ಅದು ತೆರೆದುಕೊಳ್ಳುವುದನ್ನು ನೋಡಿದ ಮೇಲಷ್ಟೇ ಬಾಕಿ ಹಣ ಕೊಡಿ.